ನಿಮಗಿದು ಗೊತ್ತೇ? ಕಾದ ಸೀಸ, ಕಾಣದ ಪಸೆ

ಯಲ್ಲಾಪುರ ತಾಲೂಕಿನ ಚಂದಗುಳಿಗೆ ಹೋದವರ ಕಣ್ಣಿಗೆ ಗಣಪತಿಗಿಂತ ಮೊದಲು ಬೀಳುವುದು ಗಂಟೆಗಳು. ಅಂದುಕೊಂಡದ್ದು ಕೈಗೂಡಿದರೆ ಗಂಟೆ ಕಟ್ಟುತ್ತೇನೆಂದು ಹರಕೆ ಹೊತ್ತವರು ತಂದು ಕಟ್ಟಿದ್ದು. ಚಿಕ್ಕವೂ ಉಂಟು, ದೊಡ್ಡವೂ ಉಂಟು. ಅದಕ್ಕೇ ಸಿದ್ಧಿವಿನಾಯಕ ಜನರ ಬಾಯಲ್ಲಿ ಘಂಟೆ ಗಣಪತಿಯಾದ. ಎರಕದ ಗಂಟೆ ಎಂದರೆ ಒಂದು ಕಾಲಕ್ಕೆ ಮೂಸೆಯಲ್ಲಿ ಕುದಿದು ಅಚ್ಚಿಗೆ ಹರಿದ ಲೋಹವೇ. ಹೊಯ್ಯುವ ಹೊತ್ತಿನಲ್ಲಿ ಎರಕದವನು ಬೆಂಕಿಗೆ ಅಷ್ಟಾಗಿ ಹೆದರುವುದಿಲ್ಲ. ಬೆಂಕಿ ಕಣ್ಣಿಗೆ ಕಾಣುತ್ತದೆ. ಅವನು ಹೆದರುವುದು ಅಚ್ಚಿನೊಳಗೆ ಕೂತಿರಬಹುದಾದ ಪಸೆಗೆ. ಮೀನಿನ ಬಲೆಗೆ ಭಾರದ ಗುಂಡು ಮಾಡಿಕೊಳ್ಳಲೆಂದು ಹಿತ್ತಲಲ್ಲಿ ಸೀಸ ಕಾಯಿಸುವವನಿಗೂ ಇದೇ ಹೆದರಿಕೆ ಇರಬೇಕು. ಈ ಸಲದ ಕಂತು ಪೂರ್ತಿ ಕಾದ ಲೋಹಕ್ಕೂ ನೀರಿಗೂ ಇರುವ ಹಗೆತನದ್ದು.

●

ಗಂಟೆಯ ಕಂಚಿನಲ್ಲಿ ಹೆಚ್ಚುಕಡಿಮೆ ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ಕರಗಲು 900 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ಶಾಖ ಬೇಕು. ಸೀಸ ಹಾಗಲ್ಲ, 327 ಡಿಗ್ರಿಗೇ ಕರಗಿ ನಿಲ್ಲುತ್ತದೆ. ಸೌದೆ ಒಲೆಯೂ ಸಾಕು, ಗ್ಯಾಸ್ ಒಲೆಯೂ ಸಾಕು. ಕಂಚು ಎರೆಯಲು ಕಸುಬುದಾರ ಬೇಕು, ಸೀಸ ಎರೆಯಲು ಯಾರಾದರೂ ಆದೀತು ಎನ್ನುವ ಸಲಿಗೆ ಹುಟ್ಟಿದ್ದು ಇಲ್ಲಿಂದ. ಅಪಾಯ ಶುರುವಾಗುವುದೂ ಇಲ್ಲಿಂದಲೇ.

●

ಒಂದು ಮಿಲಿಲೀಟರ್ ನೀರು 100 ಡಿಗ್ರಿಯಲ್ಲಿ ಹಬೆಯಾದರೆ ಸುಮಾರು 1,700 ಮಿಲಿಲೀಟರ್ ಜಾಗ ಕೇಳುತ್ತದೆ. ಕರಗಿದ ಸೀಸದ 350 ಡಿಗ್ರಿ ಶಾಖ ತಗಲಿದರೆ 2,800 ಮಿಲಿಲೀಟರ್ ದಾಟುತ್ತದೆ. ಒಂದೇ ಒಂದು ಹನಿ ಎಂದುಕೊಳ್ಳಿ, ಮಿಲಿಲೀಟರಿನ ಇಪ್ಪತ್ತರಲ್ಲಿ ಒಂದು ಪಾಲು. ಅದಕ್ಕೂ 140 ಮಿಲಿಲೀಟರ್ ಜಾಗ ಬೇಕು, ಅದೂ ಕ್ಷಣಾರ್ಧದಲ್ಲಿ. ಮೇಲೆ ಸೀಸ ಮುಚ್ಚಿಕೊಂಡಿದ್ದರೆ ಹಬೆ ಅದನ್ನು ಎತ್ತಿ ಎಸೆದು ದಾರಿ ಮಾಡಿಕೊಳ್ಳುತ್ತದೆ. ಎದುರಿಗೆ ಬಗ್ಗಿ ನೋಡುತ್ತಿದ್ದವರ ಮುಖ, ಕಣ್ಣು, ಕುತ್ತಿಗೆ ಆ ದಾರಿಯಲ್ಲಿರುತ್ತವೆ.

●

ಹಾಗಾದರೆ ಕಾದ ಸೀಸದ ಮೇಲೆ ಬೆವರ ಹನಿಯೊಂದು ಬಿದ್ದಾಗ ಬರೀ ಚುರ್ ಎಂದು ಮಾಯವಾಗುವುದೇಕೆ? ದೋಸೆ ಬಂಡಿ ಕಾದಿದೆಯೋ ಎಂದು ನೀರು ಚಿಮುಕಿಸಿದಾಗ ಹನಿ ಗುಂಡಗಾಗಿ ಓಡಾಡುವುದನ್ನು ನೋಡಿದ್ದೀರಲ್ಲ, ಅದೇ ಕಾರಣ. ಹನಿಯ ಅಡಿಯಲ್ಲಿ ಹಬೆಯದೇ ಒಂದು ಪದರ ಎದ್ದು ಅದನ್ನು ಎತ್ತಿ ಹಿಡಿಯುತ್ತದೆ. ಜರ್ಮನಿಯ ವೈದ್ಯ ಯೋಹಾನ್ ಗಾಟ್‌ಲೋಬ್ ಲೈಡನ್‌ಫ್ರಾಸ್ಟ್ ಇದನ್ನು 1756ರಲ್ಲಿ ಬರೆದಿಟ್ಟ. ಮೇಲೆ ಬಿದ್ದ ಹನಿಯ ಹಬೆಗೆ ಆಕಾಶವೆಲ್ಲ ತೆರೆದಿದೆ. ಸೀಸದ ಅಡಿಗೆ ಹೋದ ಹನಿಗೆ ಆ ಸೌಕರ್ಯ ಇಲ್ಲ. ‘ನಾನೆಷ್ಟೋ ಸಲ ನೀರು ಬೀಳಿಸಿದ್ದೇನೆ, ಏನೂ ಆಗಿಲ್ಲ’ ಎನ್ನುವವರ ಧೈರ್ಯ ಮೇಲಿನ ಹನಿಯಿಂದ ಬಂದದ್ದು. ಒದ್ದೆ ಸೌಟನ್ನು ಪಾತ್ರೆಯ ತಳಕ್ಕೆ ಅದ್ದುವ ದಿನ ಆ ಧೈರ್ಯ ಕೆಲಸಕ್ಕೆ ಬಾರದು. ಮಳೆಗಾಲದಲ್ಲಿ ತೆರೆದ ಅಂಗಳದಲ್ಲಿ ಕೂರಲೂ ಈ ಸಮಾಧಾನ ಸಾಲದು: ಮಾಡಿನಿಂದ ಒಮ್ಮೆಗೇ ಸುರಿಯುವ ನೀರು ಹನಿಯ ಲೆಕ್ಕದಲ್ಲಿ ಬರುವುದಿಲ್ಲ.

●

ನೀರಿನೊಳಕ್ಕೆ ಸೀಸ ಸುರಿದು ದುಡ್ಡು ಮಾಡಿದವನೂ ಇದ್ದಾನೆ! ಇಂಗ್ಲೆಂಡಿನ ಬ್ರಿಸ್ಟಲ್ ಪಟ್ಟಣದ ವಿಲಿಯಂ ವಾಟ್ಸ್ 1782ರಲ್ಲಿ ಹಕ್ಕುಪತ್ರ ಪಡೆದ ವಿಧಾನ ಇದು. ಎತ್ತರದಿಂದ ಜರಡಿಯ ಮೂಲಕ ಕರಗಿದ ಸೀಸ ಬಿಡುವುದು. ಬೀಳುತ್ತಾ ಬೀಳುತ್ತಾ ಹನಿಗಳು ಗುಂಡಗಾಗಿ ಆರುತ್ತವೆ. ಕೆಳಗಿನ ನೀರಿನ ತೊಟ್ಟಿ ಅವನ್ನು ತಣಿಸುತ್ತದೆ. ಕೋವಿಯ ಚರೆ ತಯಾರಾಗುತ್ತಿದ್ದುದು ಹೀಗೆ. ಚಿಕ್ಕ ಹನಿ, ಅದೂ ಹೆಚ್ಚುಪಾಲು ಗಟ್ಟಿಯಾದದ್ದು, ಸುತ್ತ ಬೇಕಾದಷ್ಟು ನೀರು. ಹಬೆಗೆ ಸಿಕ್ಕಿಕೊಳ್ಳಲು ಜಾಗವೇ ಇಲ್ಲ. ಜರ್ಮನರು ಹೊಸ ವರ್ಷದ ಮುನ್ನಾದಿನ ಚಮಚದಷ್ಟು ಸೀಸ ಕರಗಿಸಿ ನೀರಿಗೆ ಹಾಕಿ, ಮೂಡಿದ ಆಕಾರ ನೋಡಿ ಭವಿಷ್ಯ ಹೇಳುತ್ತಿದ್ದರು. ಸೀಸ ವಿಷ ಎಂಬ ಕಾರಣಕ್ಕೆ 2018ರಿಂದ ಐರೋಪ್ಯ ಒಕ್ಕೂಟದಲ್ಲಿ ಆ ಸಾಮಗ್ರಿಯ ಮಾರಾಟ ನಿಂತಿತು. ಸೀಸದ ಭವಿಷ್ಯವನ್ನು ಸೀಸವೇ ಹೇಳಿರಲಿಲ್ಲವೇನೋ.

●

1716ರ ಮೇ ತಿಂಗಳು, ಲಂಡನ್ನಿನ ಮೂರ್‌ಫೀಲ್ಡ್ಸ್. ಫ್ರೆಂಚರಿಂದ ಯುದ್ಧದಲ್ಲಿ ಗೆದ್ದು ತಂದ ಫಿರಂಗಿಗಳನ್ನು ಕರಗಿಸಿ ಹೊಸ ಫಿರಂಗಿ ಎರೆಯುವ ದಿನ. ನೋಡಲು ದೊಡ್ಡವರೆಲ್ಲ ಸೇರಿದ್ದರು. ಅಚ್ಚು ಸರಿಯಾಗಿ ಒಣಗಿರಲಿಲ್ಲ. ಲೋಹ ಸುರಿದದ್ದೇ ತಡ, ಸಿಡಿದು 17 ಮಂದಿ ಸತ್ತರು. ಇದಾದ ಮೇಲೆ ಬ್ರಿಟಿಷ್ ಸರ್ಕಾರ ಎರಕದ ಕೆಲಸಕ್ಕೆ ವೂಲ್‌ವಿಚ್‌ನಲ್ಲಿ ತನ್ನದೇ ಕಾರ್ಖಾನೆ ಕಟ್ಟಿತು. ಮೂರ್‌ಫೀಲ್ಡ್ಸಿನ ಹಾಳು ಕಟ್ಟಡವನ್ನು 1739ರಲ್ಲಿ ಧರ್ಮಪ್ರಚಾರಕ ಜಾನ್ ವೆಸ್ಲಿ ಹಿಡಿದು ಪ್ರಾರ್ಥನಾ ಮಂದಿರ ಮಾಡಿಕೊಂಡ.

●

ಒಂದು ಕಿಲೋ ಅಡುಗೆ ಅನಿಲ ಉರಿದರೆ ಒಂದೂವರೆ ಕಿಲೋಗೂ ಹೆಚ್ಚು ನೀರು ಹುಟ್ಟುತ್ತದೆ ಎಂದರೆ ನಂಬುತ್ತೀರಾ? ಅನಿಲದ ಹೈಡ್ರೋಜನ್ ಗಾಳಿಯ ಆಮ್ಲಜನಕ ಸೇರಿ ಆವಿಯಾಗುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ 22 ಕಿಲೋದಷ್ಟು ನೀರು ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಹಾಗಾಗಿ ತಣ್ಣಗಿನ ಸೌಟನ್ನೋ ಅಚ್ಚನ್ನೋ ಉರಿಯ ಮೇಲೆ ಒಂದು ನಿಮಿಷ ಹಿಡಿದು ‘ಒಣಗಿತು’ ಎನ್ನುವುದು ತಪ್ಪು ಲೆಕ್ಕ. ಮೊದಲಿಗೆ ಉರಿಯೇ ಅದಕ್ಕೆ ಬೆವರು ತರಿಸುತ್ತದೆ. ಮಬ್ಬು ಕಟ್ಟಿ, ಆ ಮಬ್ಬು ಹೋಗಿ, ಆಮೇಲೂ ಒಂದಷ್ಟು ಹೊತ್ತು ಕಾಯಬೇಕು.

●

ನಮ್ಮ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಿದ್ದು ಎಂಬುದೇ ಇಲ್ಲ. ಚಪ್ಪಲಿಗೆ ಬೂಷ್ಟು, ಬೆಂಕಿಪೆಟ್ಟಿಗೆಗೆ ತಂಡಿ, ಉಪ್ಪಿನ ಮರಿಗೆಯಲ್ಲಿ ನೀರು. ಅದೇ ಹೊತ್ತಿಗೆ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಅಂದರೆ ಬಲೆ ರಿಪೇರಿಯ ಕಾಲ. ಬೀಸುಬಲೆಯ ಅಂಚಿಗೂ ದೊಡ್ಡ ಬಲೆಗಳ ಅಡಿಹಗ್ಗಕ್ಕೂ ಭಾರಕ್ಕೆ ಸೀಸದ ಗುಂಡು ಬೇಕು. ಯಲ್ಲಾಪುರದ ಕಾಡಿನಲ್ಲಿ ಬೇಡ್ತಿಯಾಗಿ ಹರಿಯುವ ಹೊಳೆ ಮಾಗೋಡಿನಲ್ಲಿ ಧುಮುಕಿ, ಅಂಕೋಲೆಯ ಕಡೆ ಗಂಗಾವಳಿಯಾಗುವ ತನಕ ದಂಡೆಯುದ್ದಕ್ಕೂ ಬಲೆ ಬೀಸುವವರಿದ್ದಾರೆ. ಕೈಗೆ ಬಿಡುವು ಸಿಗುವುದೂ ಗಾಳಿಯಲ್ಲಿ ಪಸೆ ತುಂಬಿರುವುದೂ ಅದೇ ಎರಡು ತಿಂಗಳಲ್ಲಿ! ಸಾಧ್ಯವಿದ್ದರೆ ಗುಂಡು ಎರೆಯುವ ಕೆಲಸವನ್ನು ಬೇಸಿಗೆಯಲ್ಲೇ ಮುಗಿಸಿಡುವುದು ಮೇಲು.

●

ಪಸೆ ಅಡಗುವ ಜಾಗಗಳು ಕೆಲವು ಊಹೆಗೂ ಬಾರವು. ತುಕ್ಕು: ಕಬ್ಬಿಣದ ಅಚ್ಚಿನ ತುಕ್ಕು ನೀರನ್ನು ತನ್ನೊಳಗೇ ಹಿಡಿದಿರುತ್ತದೆ, ಮುಟ್ಟಿದರೆ ಒಣಗಿದ ಹಾಗೇ ಇರುತ್ತದೆ. ಟೊಳ್ಳು: ಹಳೆಯ ಸೀಸದ ಕೊಳವೆಯ ಎರಡೂ ತುದಿ ಬಡಿದು ಮುಚ್ಚಿದ್ದರೆ ಒಳಗೆ ಏನಿದೆಯೋ ಬಲ್ಲವರಾರು, ಕತ್ತರಿಸಿ ತೆರೆಯದೆ ಪಾತ್ರೆಗೆ ಹಾಕುವಂತಿಲ್ಲ. ಬಿರುಕು: ಕಳೆದ ವರ್ಷ ಎರೆದಿಟ್ಟ ಗಟ್ಟಿಯ ಸಣ್ಣ ಸೀಳಿನಲ್ಲಿ ಒಂದು ಹನಿ ಕೂತಿರುತ್ತದೆ. ಬಲೆಯಿಂದ ಬಿಚ್ಚಿದ ಹಳೇ ಗುಂಡುಗಳ ತೂತಿನಲ್ಲಿ ಒದ್ದೆ ದಾರದ ಚೂರು, ಉಪ್ಪು, ಹೊಯಿಗೆ. ಕಲಕಲು ಎತ್ತಿಕೊಂಡ ಹಸಿ ಕೋಲು. ಇನ್ನು ಅಟ್ಟದಿಂದ ಇಳಿಸಿದ ತಣ್ಣಗಿನ ಗಟ್ಟಿಯನ್ನು ಬೆಚ್ಚಗಿನ ಒಲೆಯ ಬಳಿ ತಂದರೆ ಸಾಕು, ನೋಡನೋಡುತ್ತ ಅದರ ಮೈ ಬೆವರುತ್ತದೆ.

●

ಸೀಸ ಕಾಯಿಸಲು ಮನೆಯಲ್ಲಿ ಅತಿ ಕೆಟ್ಟ ಜಾಗ ಯಾವುದು? ಬಚ್ಚಲ ಒಲೆ. ಉರಿ ಹೇಗೂ ಇದೆ, ಮೂಲೆಯಲ್ಲೇ ಮುಗಿಸಿಬಿಡೋಣ ಎನಿಸುವುದು ಸಹಜ. ಪಕ್ಕದಲ್ಲಿ ಹಂಡೆ ತುಂಬ ನೀರು, ಕಾಲಡಿ ಒದ್ದೆ ಕಲ್ಲು, ತಲೆಯ ಮೇಲೆ ಹಬೆ ಕಟ್ಟಿದ ಹಂಚು. ಮೀಯಲು ಬಂದ ಮಗು ತಂಬಿಗೆ ಎತ್ತಿದರೆ ಮುಗಿಯಿತು. ಎರಡನೆಯ ಕೆಟ್ಟ ಜಾಗ ಅಡುಗೆಮನೆ. ಅಲ್ಲಿ ನೀರಿಗಿಂತ ವಿಷದ ಭಯ ದೊಡ್ಡದು. ಅಡಿಕೆ ಬೇಯಿಸುವ ಒಲೆಯನ್ನೂ ಬಿಟ್ಟುಬಿಡಿ.

●

ನೆಲವೂ ಸಿಡಿಯುತ್ತದೆ. ಸಿಮೆಂಟ್ ನೆಲದ ಮೇಲೆ ಕಾದ ಸೀಸ ಚೆಲ್ಲಿದರೆ ಸಿಮೆಂಟಿನೊಳಗಿನ ತೇವ ಹಬೆಯಾಗಿ ಚಕ್ಕೆಗಳನ್ನೇ ಎಬ್ಬಿಸುತ್ತದೆ. ಜಂಬಿಟ್ಟಿಗೆಯ ಮೈತುಂಬ ತೂತು, ನೀರು ಕುಡಿದು ಕೂತಿರುತ್ತದೆ. ಸಗಣಿ ಸಾರಿಸಿದ ಅಂಗಳದ ಮಾತು ಬೇಡವೇ ಬೇಡ. ದಪ್ಪನೆಯ ಒಣ ಹೊಯಿಗೆಯ ಹಾಸು, ಅಥವಾ ಹೊಯಿಗೆ ತುಂಬಿದ ಕಬ್ಬಿಣದ ತಟ್ಟೆ ಒಳ್ಳೆಯದು. ಒಣ ಎಂದರೆ ಹುರಿದ ಹೊಯಿಗೆ.

●

ಇಲ್ಲೊಂದು ಒಗಟು. ಎರಕದ ಕಾರ್ಖಾನೆಗಳಲ್ಲಿ ಬೇಕೆಂದೇ ನೀರು ಬೆರೆಸಿದ ಹಸಿ ಮರಳಿನ ಅಚ್ಚಿಗೆ ಕಬ್ಬಿಣವನ್ನೇ ಹೊಯ್ಯುತ್ತಾರೆ, ಸಿಡಿಯುವುದಿಲ್ಲ. ಹೇಗೆ? ನೀರು ನೂರಕ್ಕೆ ಮೂರು-ನಾಲ್ಕು ಪಾಲಷ್ಟೇ, ಮರಳಿನ ಕಣಗಳ ನಡುವೆ ಹಬೆ ನುಸುಳಿಹೋಗಲು ಸಂದು ಉಂಟು, ಸಾಲದ್ದಕ್ಕೆ ತಂತಿಯಿಂದ ಚುಚ್ಚಿ ಉಸಿರುದಾರಿ ಮಾಡಿರುತ್ತಾರೆ. ನೀರು ಸ್ವಲ್ಪ ಹೆಚ್ಚಾದರೆ ಅಥವಾ ಮರಳು ಬಿಗಿಯಾದರೆ ಆ ಅಚ್ಚೂ ಉಗುಳುತ್ತದೆ. ಸೀಸಕ್ಕೆ ಬಳಸುವ ಕಬ್ಬಿಣ, ಅಲ್ಯುಮಿನಿಯಂ, ಕಲ್ಲಿನ ಅಚ್ಚುಗಳಿಗೆ ಉಸಿರಾಡುವ ಮೈ ಇಲ್ಲ. ಆದ್ದರಿಂದ ಅವಕ್ಕೆ ಈ ರಿಯಾಯಿತಿ ಸಲ್ಲದು.

●

ಅಚ್ಚು ಒಣಗಿಸುವ ಪಾಠ ಕನ್ನಡನಾಡಿಗೆ ಹೊಸದೇನಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಮೇಣದ ಎರಕದ ಕ್ರಮ ವಿವರವಾಗಿದೆ. ಮೇಣದ ಮೂರ್ತಿಗೆ ಮಣ್ಣು ಮೆತ್ತಬೇಕು. ಮಣ್ಣಿಗೆ ಸುಟ್ಟ ಹೊಟ್ಟು, ಹತ್ತಿ, ಉಪ್ಪು ಸೇರಿಸಬೇಕು. ಒಂದೊಂದು ಪದರವೂ ನೆರಳಿನಲ್ಲಿ ಒಣಗಬೇಕು. ಆಮೇಲೆ ಕಾಯಿಸಿ ಮೇಣ ಹರಿಸಬೇಕು. ಬಿಸಿಲಿಗಿಟ್ಟರೆ ಮೇಲ್ಮೈ ಬೇಗ ಬಿಗಿದು ಬಿರುಕುಬಿಡುತ್ತದೆ, ಒಳಗಿನ ಪಸೆ ಒಳಗೇ ಉಳಿಯುತ್ತದೆ. ಹತ್ತಿ, ಹೊಟ್ಟುಗಳ ಎಳೆ ಸುಟ್ಟುಹೋದ ಜಾಗದಲ್ಲಿ ಸಣ್ಣ ಸಣ್ಣ ಸಂದು ಉಳಿದು ಹಬೆಗೆ ದಾರಿಯಾಗುತ್ತದೆ. ಮೇಣ ಇಳಿಯುವಷ್ಟು ಕಾದ ಅಚ್ಚಿನಲ್ಲಿ ಮಿಕ್ಕಿದ ಪಸೆಯೂ ಹಾರಿಹೋಗುತ್ತದೆ. ಸೋಮೇಶ್ವರನಿಗೆ ‘ಸರ್ವಜ್ಞ ಚಕ್ರವರ್ತಿ’ ಎಂಬ ಬಿರುದಿತ್ತು. ಈ ಪುಟಗಳನ್ನು ನೋಡಿದರೆ ಅರಮನೆಯಲ್ಲಿ ಕೂತು ಬರೆದದ್ದಲ್ಲ, ಎರಕದವರ ಬಳಿ ಕೂತು ಕೇಳಿದ್ದು ಅನಿಸುತ್ತದೆ.

●

ಪಸೆ ಸಿಡಿಯದೆ ಹೋದರೂ ಗಂಟೆಯ ದನಿ ಕೆಡಿಸಬಲ್ಲದು. ಕರಗಿದ ತಾಮ್ರ ನೀರಾವಿಯಿಂದ ಹೈಡ್ರೋಜನ್ ಹೀರಿಕೊಳ್ಳುತ್ತದೆ. ಗಟ್ಟಿಯಾಗುವಾಗ ಆ ಅನಿಲ ಹೊರಬರಲು ಹೋಗಿ ಲೋಹದೊಳಗೆ ಸಣ್ಣ ಗುಳ್ಳೆಗಳಾಗಿ ನಿಲ್ಲುತ್ತದೆ. ಅಂಥ ಗಂಟೆ ಬಾರಿಸಿದರೆ ನಾದ ಉದ್ದಕ್ಕೆ ಹೋಗದೆ ‘ಠಕ್’ ಎಂದು ಅಲ್ಲೇ ಸಾಯುತ್ತದೆ. ಹರಕೆಗೆ ಗಂಟೆ ಕೊಳ್ಳುವವರು ಅಂಗಡಿಯಲ್ಲಿ ಒಮ್ಮೆ ಬಾರಿಸಿ ನೋಡುವುದು ಸುಮ್ಮನಲ್ಲ.

●

ಮಾಸ್ಕೋದ ‘ತ್ಸಾರ್ ಗಂಟೆ’ ಸುಮಾರು 200 ಟನ್ ತೂಕದ್ದು, 1735ರಲ್ಲಿ ಎರೆದದ್ದು. 1737ರ ಬೆಂಕಿ ಅನಾಹುತದಲ್ಲಿ ಕಾದು ಕೂತಿದ್ದ ಅದರ ಮೇಲೆ ನೀರು ಬಿದ್ದು ಬಿರುಕುಬಿಟ್ಟು, ಹನ್ನೊಂದೂವರೆ ಟನ್ನಿನ ಒಂದು ತುಂಡು ಬೇರೆಯೇ ಬಿತ್ತು. ಆ ಗಂಟೆ ಒಮ್ಮೆಯೂ ಮೊಳಗಲಿಲ್ಲ.

●

ಸೀಸ ಎರೆಯುವುದರಲ್ಲಿ ಉತ್ತರ ಕನ್ನಡದ್ದು ಎರಡು ಸಾವಿರ ವರ್ಷದ ಹತ್ತಿರದ ಅನುಭವ. ಶಾತವಾಹನರ ಕಾಲದಲ್ಲಿ ದಖ್ಖನ್ನಿನ ಹಲವೆಡೆ ಸೀಸದ ನಾಣ್ಯ ಓಡುತ್ತಿತ್ತು. ಶಿರಸಿ ತಾಲೂಕಿನ ಬನವಾಸಿಯಿಂದ ಆಳಿದ ಚುಟುಗಳೂ ಸೀಸದಲ್ಲೇ ನಾಣ್ಯ ಮಾಡಿದರು. ಚುಟುಕುಲಾನಂದ, ಮುಳಾನಂದ ಎಂಬ ಹೆಸರುಗಳಿರುವ ದಪ್ಪ ಸೀಸದ ನಾಣ್ಯಗಳು ಕಾರವಾರದಲ್ಲಿ ಸಿಕ್ಕಿವೆ. ಮೇಲೆ ಬೆಟ್ಟದಂತೆ ಪೇರಿಸಿದ ಕಮಾನುಗಳು, ಕಟಕಟೆಯೊಳಗಿನ ಮರ. ಈ ಮಳೆಯೂರಿನಲ್ಲಿ ಆ ಟಂಕಸಾಲೆಯವರು ಆಷಾಢದಲ್ಲಿ ಏನು ಮಾಡುತ್ತಿದ್ದರೋ!

●

ಹಿಂದಿನ ತಲೆಮಾರು ಓದಿದ ಕನ್ನಡ ಪತ್ರಿಕೆ, ಪುಸ್ತಕಗಳೆಲ್ಲ ಸೀಸದ ಋಣದವು. ಅಚ್ಚಿನ ಮೊಳೆ ಎಂದರೆ ಸೀಸ, ಆಂಟಿಮನಿ, ತವರದ ಮಿಶ್ರಣ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1894ರಲ್ಲಿ ಹೊರತಂದ ಕಿಟ್ಟೆಲ್ ನಿಘಂಟು ಇಂಥ ಮೊಳೆಗಳಿಂದಲೇ ಮೂಡಿದ್ದು. ಆಂಟಿಮನಿ ಬೆರೆಸಿದರೆ ಸೀಸ ಗಡಸಾಗುತ್ತದೆ, ಅಚ್ಚಿನ ಮೂಲೆಮೂಲೆ ತುಂಬುತ್ತದೆ. ಬಿಸಿ ಲೋಹದಿಂದ ಮೊಳೆ ಎರೆಯುವ ಯಂತ್ರ ನಡೆಸುವವರು ಹೊಸ ಗಟ್ಟಿಯನ್ನು ಮೊದಲು ಪಾತ್ರೆಯ ಬದಿಯಲ್ಲಿ ಬೆಚ್ಚಗೆ ಮಾಡಿಯೇ ಒಳಗಿಳಿಸಬೇಕಿತ್ತು.

●

ಹಿತ್ತಲ ಎರಕದವರೂ ಕಲಿಯಬೇಕಾದ ಮೊದಲ ಪಾಠ ಅದೇ. ಕರಗಿದ ಸೀಸಕ್ಕೆ ತಣ್ಣಗಿನ ಚೂರು ಹಾಕಬಾರದು. ಖಾಲಿ ಪಾತ್ರೆಗೆ ಚೂರುಗಳನ್ನೆಲ್ಲ ಮೊದಲೇ ತುಂಬಿ, ಸಣ್ಣ ಉರಿಯಲ್ಲಿ ಒಟ್ಟಿಗೆ ಕಾಯಿಸುತ್ತ ಬಂದರೆ 327 ಡಿಗ್ರಿ ತಲುಪುವ ಮೊದಲೇ, 100ರ ಹತ್ತಿರದಲ್ಲೇ, ನೀರು ಹೊರಟುಹೋಗಿರುತ್ತದೆ. ಇನ್ನಷ್ಟು ಸೀಸ ಬೇಕಾದರೆ? ಇದ್ದದ್ದನ್ನು ಎರೆದು ಮುಗಿಸಿ, ಪಾತ್ರೆ ಆರಿದ ಮೇಲೆ ಮತ್ತೆ ತುಂಬಿ. ಸೌಟು, ಕಿಟ್ಟ ತೆಗೆಯುವ ಚಮಚ, ಅಚ್ಚು ಮೂರನ್ನೂ ಒಲೆಯ ಬದಿಯಲ್ಲಿಟ್ಟು, ಮುಟ್ಟಲಾಗದಷ್ಟು ಬಿಸಿ ಮಾಡಿದ ನಂತರವೇ ಕೆಲಸ. ಮುಖಕ್ಕೆ ಪೂರ್ತಿ ಮುಚ್ಚುವ ಗುರಾಣಿ, ಕೈಗೆ ತೊಗಲಿನ ಕೈಗವಸು, ಮೈಗೆ ದಪ್ಪ ಹತ್ತಿಬಟ್ಟೆ. ಟೆರಿಲಿನ್, ನೈಲಾನ್ ಕರಗಿ ಚರ್ಮಕ್ಕೆ ಅಂಟುತ್ತವೆ. ಹವಾಯಿ ಚಪ್ಪಲಿಯ ಬದಲು ಮುಚ್ಚಿದ ಬೂಟು. ಪ್ಯಾಂಟಿನ ತುದಿ ಬೂಟಿನ ಮೇಲೆ ಇಳಿದಿರಬೇಕು, ಒಳಕ್ಕೆ ಸಿಕ್ಕಿಸಿರಬಾರದು. ಹೊಯ್ಯುವವನ ಸುತ್ತ ಯಾರೂ ಬೇಡ. ಬೆಂಕಿ ಹತ್ತಿದರೆ ಒಣ ಮರಳು. ಪಾತ್ರೆಯ ಬಳಿ ಬಕೆಟ್ ನೀರು ಇಟ್ಟುಕೊಳ್ಳುವುದು ಮುನ್ನೆಚ್ಚರಿಕೆಯಲ್ಲ.

●

ಹಳೇ ಬ್ಯಾಟರಿ ಒಡೆದು ಸೀಸ ತೆಗೆಯುತ್ತೀರಾ? ಬೇಡ. ಅದರಲ್ಲಿ ಗಂಧಕಾಮ್ಲ ಮಾತ್ರವಲ್ಲ, ಆಂಟಿಮನಿ, ಕ್ಯಾಲ್ಸಿಯಂ, ಒಂದಿಷ್ಟು ಆರ್ಸೆನಿಕ್ ಕೂಡ ಇರುತ್ತವೆ. ಕಿಟ್ಟಕ್ಕೆ ಪಸೆ ತಗಲಿದರೆ ಆರ್ಸೀನ್, ಸ್ಟಿಬೀನ್ ಎಂಬ ಮಾರಕ ಅನಿಲಗಳು ಹುಟ್ಟಬಹುದು. ಸೆನೆಗಲ್ ದೇಶದ ಡಾಕರ್ ಬಳಿಯ ತಿಯಾರೊಯ್‌ನಲ್ಲಿ ಬ್ಯಾಟರಿ ಸೀಸ ಸೇರಿದ್ದ ಮಣ್ಣನ್ನು ಮನೆಗಳ ಸುತ್ತ ಜಾಲಿಸಿದ್ದರಿಂದ 2007-08ರ ಕೆಲವೇ ತಿಂಗಳಲ್ಲಿ 18 ಮಕ್ಕಳು ಸತ್ತರು. ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿವೆ. ಹಳೆಯದನ್ನು ಮಾರಿದ ಅಂಗಡಿಗೇ ಕೊಟ್ಟರೆ ದುಡ್ಡೂ ಬರುತ್ತದೆ.

●

ಸೀಸ 480-500 ಡಿಗ್ರಿ ದಾಟದಂತೆ ನೋಡಿಕೊಂಡರೆ ಆವಿ ಅಷ್ಟಾಗಿ ಏಳದು. ಮನೆಯವರಿಗೆ ವಿಷ ಮುಟ್ಟಿಸುವುದು ಹೆಚ್ಚಾಗಿ ಮೇಲೆ ಕಟ್ಟುವ ಬೂದಿಯಂಥ ಕಿಟ್ಟದ ಪುಡಿ. ಅದು ಕೈ, ಬಟ್ಟೆ, ಕೂದಲಿಗೆ ಹತ್ತಿ ಒಳಬರುತ್ತದೆ. ದೊಡ್ಡವರ ದೇಹಕ್ಕಿಂತ ಮಕ್ಕಳ ದೇಹ ನಾಲ್ಕೈದು ಪಟ್ಟು ಹೆಚ್ಚು ಸೀಸ ಹೀರಬಲ್ಲದು. ಇಷ್ಟಾದರೆ ತೊಂದರೆಯಿಲ್ಲ ಎನ್ನುವ ಸುರಕ್ಷಿತ ಮಟ್ಟವೇ ಇಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಈ ವಿಷಯವನ್ನು ದೇಶದ ಕಿವಿಗೆ ಹಾಕಿದವರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಮುಖ್ಯರು. ಭಾರತದಲ್ಲಿ ಸೀಸಬೆರೆತ ಪೆಟ್ರೋಲ್ 2000ದಲ್ಲಿ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಚೌತಿಗೆ ಬಣ್ಣದ ಗಣಪತಿ ತರುವವರು ಇದನ್ನು ನೆನಪಿಡಬಹುದು. ಬಣ್ಣ ಹಚ್ಚದ ಮಣ್ಣಿನ ಗಣಪತಿಯಾದರೆ ಆ ತಕರಾರೇ ಇಲ್ಲ.

●

ಬ್ರಿಟನ್ನಿನಲ್ಲಿ 1987ರಿಂದ ಗಾಳಕ್ಕೆ ಕಟ್ಟುವ ಬಹುತೇಕ ಸೀಸದ ಗುಂಡು ನಿಷಿದ್ಧ. ಹಂಸಗಳು ಅವನ್ನು ಕಲ್ಲೆಂದು ನುಂಗಿ ಸಾಯುತ್ತಿದ್ದವು.

●

ಸಿಡಿದು ಮೈಗೆ ಬಿದ್ದರೆ? ಇಷ್ಟು ಹೊತ್ತು ಬೈಸಿಕೊಂಡ ನೀರೇ ಈಗ ಬೇಕು, ಆದರೆ ಪಾತ್ರೆಯಿಂದ ದೂರ ಬಂದ ಮೇಲೆ. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿಗೆ ಹಿಡಿಯಿರಿ. ಚರ್ಮಕ್ಕೆ ಅಂಟಿದ ಲೋಹ ಕೀಳಬೇಡಿ, ಟೂತ್‌ಪೇಸ್ಟ್, ಅರಿಸಿನ, ಶಾಯಿ ಹಚ್ಚಬೇಡಿ. ಕಣ್ಣಿಗೆ ಬಿದ್ದಿದ್ದರೆ ನೀರು ಹಾಕುತ್ತಲೇ 108ಕ್ಕೆ ಕರೆ ಮಾಡಿಸಿ.

●

ಕಬ್ಬಿಣ ಕಾದರೆ ಕೆಂಪಾಗಿ ಎಚ್ಚರಿಸುತ್ತದೆ, ಸೀಸ ಎಚ್ಚರಿಸುವುದಿಲ್ಲ. ವಸ್ತುಗಳು ಕೆಂಪಗೆ ಹೊಳೆಯತೊಡಗುವುದು 500 ಡಿಗ್ರಿ ದಾಟಿದ ಮೇಲೆ. 300 ಡಿಗ್ರಿಯ ಸೀಸದ ಗಟ್ಟಿಯೂ ನಿನ್ನೆಯ ಗಟ್ಟಿಯೂ ನೋಡಲು ಒಂದೇ ಬೂದುಬಣ್ಣ. ಬೇಗ ಆರಲಿ ಎಂದು ಅಚ್ಚನ್ನು ನೀರಿಗೆ ಅದ್ದುವವರು ಮುಂದಿನ ಸುತ್ತಿಗೆ ಅದೇ ಒದ್ದೆ ಅಚ್ಚನ್ನು ಎತ್ತಿಕೊಳ್ಳುತ್ತಾರೆ. ತಾನಾಗಿ ಆರಲು ಬಿಡಿ. ಎಲ್ಲ ಪೂರ್ತಿ ತಣ್ಣಗಾದ ಮೇಲೆ ಒಣ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಆ ಬಟ್ಟೆಯನ್ನೂ ಕಿಟ್ಟವನ್ನೂ ಮುಚ್ಚಳದ ಡಬ್ಬಿಯಲ್ಲಿ ಬೇರೆಯೇ ಇಡಿ, ತೋಟದ ಗೊಬ್ಬರಗುಂಡಿಗೆ ಬೇಡ. ಕೈಗೆ ಸೋಪು ಹಚ್ಚಿ ತೊಳೆದು, ಬಟ್ಟೆ ಬದಲಿಸಿದ ಮೇಲೆಯೇ ಕವಳದ ತಟ್ಟೆಗೆ ಕೈಹಾಕಿ.